ಜ್ಯಾಕ್ ಕೆರೊವಾಕ್: ಮದ್ಯಪಾನ, ಸಿರೋಸಿಸ್ ಮತ್ತು ಆಂತರಿಕ ರಕ್ತಸ್ರಾವ

• ಜನನ: 12 ಮಾರ್ಚ್ 1922, ಲೋವೆಲ್, ಅಮೆರಿಕ.

• ಪ್ರಸಿದ್ಧಿ: ‘ಬೀಟ್’ ಪೀಳಿಗೆಯ ಕಾದಂಬರಿಕಾರ, ‘ಆನ್ ದ ರೋಡ್’ (1957).

• ನಿಧನ: 21 ಅಕ್ಟೋಬರ್ 1969, ಸೇಂಟ್ ಪೀಟರ್ಸ್‌ಬರ್ಗ್, ಫ್ಲಾರಿಡಾ, ವಯಸ್ಸು 47.

• ಕಾರಣ: ವರ್ಷಗಟ್ಟಲೆ ಅತಿಯಾಗಿ ಕುಡಿದು ಬಂದ ಸಿರೋಸಿಸ್, ಅದರಿಂದಾದ ಆಂತರಿಕ ರಕ್ತಸ್ರಾವ.

• ಹೇಗೆ ಆಗುತ್ತದೆ?: ಸಿರೋಸಿಸ್‌ನಿಂದ ಯಕೃತ್ತು ಗಟ್ಟಿಯಾದಾಗ ರಕ್ತದ ಹರಿವಿಗೆ ತಡೆಯಾಗಿ, ಪೋರ್ಟಲ್ ಅಭಿಧಮನಿಯಲ್ಲಿ ಒತ್ತಡ ಏರುತ್ತದೆ. ಅನ್ನನಾಳದ ತೆಳು ಅಭಿಧಮನಿಗಳು ಉಬ್ಬುತ್ತವೆ (ವೇರಿಸಸ್). ಒಡೆದರೆ ರಕ್ತ ಧಾರಾಕಾರ ಹರಿಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳನ್ನು ತಯಾರಿಸುವುದೂ ಯಕೃತ್ತೇ. ಅವು ಕಡಿಮೆಯಾದಾಗ ಸ್ರಾವ ಸುಲಭವಾಗಿ ನಿಲ್ಲದು.

• ತುರ್ತು ಲಕ್ಷಣಗಳು: ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ತಲೆಸುತ್ತು. ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

• ಚಿಕಿತ್ಸೆ: ಎಂಡೋಸ್ಕೋಪಿ ಮೂಲಕ ಬ್ಯಾಂಡ್ ಹಾಕುವುದು, ಮರುಕಳಿಸದಂತೆ ಪ್ರೊಪ್ರನೊಲಾಲ್‌ನಂಥ ಮಾತ್ರೆ.

• ನೆನಪಿಡಿ: ಸಿರೋಸಿಸ್ ಬಹುಕಾಲ ನೋವಿಲ್ಲದೆ ಬೆಳೆಯಬಹುದು. ಮದ್ಯವನ್ನು ಪೂರ್ತಿ ಬಿಡುವುದೇ ಮೊದಲ ಚಿಕಿತ್ಸೆ.