ಅಟ್ಟದ ಮೇಲಿನ ಬಂದೂಕ

ಮಗಾ,

ನಿಮ್ಮಪ್ಪನ ತಿಥಿ ದಿನ ಊಟಕ್ಕೆ ಕೂತಾಗ ನನ್ನ ಕಿವಿ ಹತ್ತಿರ ಬಗ್ಗಿ ಕೇಳಿದೆ: "ಚಿಕ್ಕಪ್ಪ, ಅಪ್ಪನ ಬಂದೂಕ ಇನ್ಮೇಲೆ ನಂದೇ ಅಲ್ವಾ?" ಬೀಗರು ಎದುರಿಗೇ ಕೂತಿದ್ದರು, ಸಾರಿಗೆ ಕೈ ಹಾಕಿ ಸುಮ್ಮನಾದೆ. ಈಗ ಹೇಳುತ್ತೇನೆ. ಅಲ್ಲ. ಅಣ್ಣ ಉಸಿರು ಬಿಟ್ಟಾಗ ಅವನ ಲೈಸೆನ್ಸೂ ಸತ್ತಿತು. ಹೊಲಕ್ಕಾದರೆ ಪೌತಿ ಖಾತೆ ಮಾಡಿಸಿ ವಾರಸುದಾರರ ಹೆಸರು ಪಹಣಿಗೆ ಏರಿಸಬಹುದು. ಬಂದೂಕಕ್ಕೆ ಪೌತಿ ಖಾತೆ ಇಲ್ಲ. ಅಟ್ಟದ ಮೇಲೆ ಗೋಣಿ ಸುತ್ತಿಕೊಂಡು ಮಲಗಿರುವ ಅದು ಇವತ್ತಿನ ಮಟ್ಟಿಗೆ ಲೈಸೆನ್ಸಿಲ್ಲದ ಬಂದೂಕ. ಮನೆಯ ಯಜಮಾನ ಈಗ ನೀನು.

ಹೆದರಿಸುತ್ತಿಲ್ಲ. ಸತ್ತವರ ಬಂದೂಕನ್ನು ಅನಗತ್ಯ ತಡ ಮಾಡದೆ ಠಾಣೆಯಲ್ಲೋ ಲೈಸೆನ್ಸು ಇರುವ ವ್ಯಾಪಾರಿಯ ಬಳಿಯೋ ಇಟ್ಟು ರಸೀದಿ ತೆಗೆದುಕೊಳ್ಳಬೇಕು ಎಂದು 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಹೇಳುತ್ತದೆ. ರಸೀದಿ ಕೈಗೆ ಬಂದ ಮೇಲೆ ವಾರಸುದಾರನಾಗಿ ಅರ್ಜಿ ಹಾಕಿಕೋ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಕಟ್ಟಿದವನು ನಾನು. ಎಷ್ಟೋ ಮನೆಗಳಲ್ಲಿ ಈ ಎರಡು ಹೆಜ್ಜೆ ತಲೆಕೆಳಗಾಗಿದ್ದನ್ನು ನೋಡಿದ್ದೇನೆ. ಮೊದಲು ಅರ್ಜಿ ಹಾಕುತ್ತಾರೆ, "ಬಂದೂಕ ಎಲ್ಲಿದೆ?" ಎಂದರೆ ಮನೆಯಲ್ಲಿ ಎನ್ನುತ್ತಾರೆ. ಲೈಸೆನ್ಸಿಲ್ಲದೆ ಇಟ್ಟುಕೊಂಡವನಿಗೆ ಕನಿಷ್ಠ ಒಂದು ವರ್ಷ ಇದ್ದ ಜೈಲು 2019ರ ತಿದ್ದುಪಡಿಯಲ್ಲಿ ಎರಡು ವರ್ಷವಾಗಿದೆ, ಐದರವರೆಗೂ ಹೋಗಬಹುದು.

ತಪ್ಪು ನಿಮ್ಮಪ್ಪನದೂ ಇದೆ. ಎಪ್ಪತ್ತು ತುಂಬಿದವರು ಬದುಕಿದ್ದಾಗಲೇ ಮಕ್ಕಳ ಹೆಸರಿಗೆ ಮಾಡಿಸಬಹುದು ಎಂದು 2016ರ ನಿಯಮಗಳಲ್ಲಿ ದಾರಿ ಇತ್ತು. ಅಣ್ಣನಿಗೆ ಎರಡು ಸಲ ಹೇಳಿದೆ. "ಇವನ ಕೈಗೆ ಕೊಡೋಕೆ ಇನ್ನೂ ಧೈರ್ಯ ಬರ್ತಿಲ್ಲ ಕಣೋ" ಅಂದ. ಬೇಜಾರು ಮಾಡಿಕೋಬೇಡ, ಅವನು ಹೇಳಿದ್ದು ಹಾಗೇ.

ಟ್ರಂಕಿನಲ್ಲಿ ಅವನ ಲೈಸೆನ್ಸು ಪುಸ್ತಕ ಇದೆ, ತೆಗೆದು ನೋಡು. 1982ರಲ್ಲಿ ಕೊಟ್ಟದ್ದು. ಮೊದಲ ಮೊಹರು ಬೆಂಗಳೂರು ಜಿಲ್ಲೆಯದು. 1986ರ ನಂತರದವು ಬೆಂಗಳೂರು ಗ್ರಾಮಾಂತರ, 2007ರಿಂದ ಈಚೆಗೆ ರಾಮನಗರ. ನೀನು ಅರ್ಜಿ ಹಾಕಿದರೆ ಬೆಂಗಳೂರು ದಕ್ಷಿಣ ಎಂದು ಬೀಳುತ್ತದೆ. ಜಿಲ್ಲೆ ನಾಲ್ಕು ಹೆಸರು ಹೊತ್ತರೂ ಅಣ್ಣ ಅದೇ ಸಾತನೂರು ಸೀಮೆಯ ಎರಡೂವರೆ ಎಕರೆ ರಾಗಿ ಹೊಲ ಬಿಟ್ಟು ಅಲ್ಲಾಡಲಿಲ್ಲ. ಮೂರು ವರ್ಷಕ್ಕೊಂದು ನವೀಕರಣ, ಒಂದೂ ತಪ್ಪಿಲ್ಲ. ಈಗ ಅದನ್ನು ಐದು ವರ್ಷಕ್ಕೆ ಏರಿಸಿದ್ದಾರೆ.

ಪುಸ್ತಕದಲ್ಲಿ ಏನು ಬರೆದಿದೆ ಎಂದು ಓದು. ಒಂಟಿನಳಿಗೆ, ಬಾಯಿಂದ ಮದ್ದು ತುಂಬುವ ಬಂದೂಕ, ಬೆಳೆ ರಕ್ಷಣೆಗೆ. ಆತ್ಮರಕ್ಷಣೆಗೆ ಎಂದಿಲ್ಲ, ಬೇಟೆಗೆ ಎಂದಂತೂ ಇಲ್ಲ. ಬೆಳೆ ಕಾಯಲು ಲೈಸೆನ್ಸು ಇದ್ದ ಮಾತ್ರಕ್ಕೆ ಹಂದಿ, ಜಿಂಕೆ ಹೊಡೆಯುವ ಹಕ್ಕು ಬರುವುದಿಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆಯೇ ಕೂತಿದೆ. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ನಮ್ಮ ಕಡೆಯ ಹುಡುಗರಿಗೆ ಗೊತ್ತೇ ಇಲ್ಲ: ಅಭಯಾರಣ್ಯದಿಂದ ಹತ್ತು ಕಿಲೋಮೀಟರಿನೊಳಗೆ ಹೊಸ ಲೈಸೆನ್ಸು ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲು ಬೇಕು. ನಮ್ಮ ಜಿಲ್ಲೆಯ ನಕ್ಷೆ ಹರಡಿ ನೋಡು. ಕನಕಪುರದ ಈಚೆ ಕಾವೇರಿ ವನ್ಯಧಾಮ, ಮೇಲೆ ಬನ್ನೇರುಘಟ್ಟ, ರಾಮನಗರಕ್ಕೆ ಅಂಟಿಕೊಂಡೇ ರಾಮದೇವರಬೆಟ್ಟದ ರಣಹದ್ದು ಧಾಮ. ಹತ್ತು ಕಿಲೋಮೀಟರಿನ ಬಳೆ ಎಳೆದರೆ ಎಷ್ಟು ಊರು ಒಳಗೆ ಬೀಳುತ್ತವೆ, ನೀನೇ ಎಣಿಸು.

ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ನಮಗೆ ಯಾಕೆ ಇಷ್ಟು ತಾಪತ್ರಯ ಎಂದು ಫೋನಿನಲ್ಲಿ ವಾದ ಮಾಡಿದೆಯಲ್ಲ. ಅದು ಬ್ರಿಟಿಷರು 1861ರಲ್ಲಿ ಕೊಟ್ಟ ವಿನಾಯಿತಿ, ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. 2029ರವರೆಗೆ ಮುಂದುವರಿಸಿದ್ದಾರೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಅಲ್ಲಿ ಕೋವಿ ಹುಟ್ಟಿನಲ್ಲೂ ಇದೆ, ಸಾವಿನಲ್ಲೂ ಇದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆಯೂ ಇದೆ. ನಮ್ಮಲ್ಲಿ ಬಂದೂಕ ಬಂದದ್ದು ಹಂದಿ ಓಡಿಸಲು, ನೇಗಿಲು ಮೂಲೆಯಲ್ಲಿ ನಿಂತ ಹಾಗೆ ನಿಂತಿತ್ತು ಅಷ್ಟೇ. ಅವರ ಹಬ್ಬ ತೋರಿಸಿ ನಮ್ಮ ಹೊಲಕ್ಕೆ ರಿಯಾಯಿತಿ ಕೇಳಿದರೆ ಹೇಗೆ?

ಕಾನೂನೆಲ್ಲ ಸರಿ ಇದೆ ಎಂದು ನಾನೂ ಹೇಳುವುದಿಲ್ಲ. 2024ರ ನವೆಂಬರಿನಲ್ಲಿ ಚನ್ನಪಟ್ಟಣದ ಉಪಚುನಾವಣೆ ಬಂತಲ್ಲ, 13ಕ್ಕೆ ಮತದಾನ. ರಾಗಿ ತೆನೆ ಬಲಿತು ಬಾಗಿದ ಹೊತ್ತು. ಅಣ್ಣನ ಬಂದೂಕ ಠಾಣೆ ಸೇರಿತು. ಯಾರ ಬಂದೂಕ ಒಪ್ಪಿಸಿಕೊಳ್ಳಬೇಕು, ಯಾರದು ಬೇಡ ಎಂದು ಸಮಿತಿ ಕೂತು ನೋಡಬೇಕೆಂಬ ಕ್ರಮ ಕಾಗದದಲ್ಲಿದೆ. ನಮ್ಮವರೆಗೆ ಬಂದದ್ದು ಮಾತ್ರ "ತಂದಿಡಿ" ಎಂಬ ಒಂದೇ ಮಾತು. ಎಪ್ಪತ್ತು ದಾಟಿದ ಮುದುಕ ಅಟ್ಟಣೆ ಮೇಲೆ ತಗಡಿನ ಡಬ್ಬ ಬಡಿಯುತ್ತಾ ಕೂತ. ಹಂದಿ ಹಿಂಡು ಕಾಲೆಕರೆ ಮುಗಿಸಿ ಹೋಯಿತು. ಓಟಿನ ದಿನ ಗಲಾಟೆ ಮಾಡುವವನು ಮದ್ದು ಗಜದಿಂದ ಕುಟ್ಟಿ ಕೇಪು ಸಿಕ್ಕಿಸಿಕೊಂಡು ನಿಲ್ಲುತ್ತಾನೆಯೇ? ಅದನ್ನು ಕೇಳುವವರು ಇರಲಿಲ್ಲ. ಆದರೂ ಅಣ್ಣ ರಸೀದಿಯನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿದ್ದ, ವಾಪಸು ತಂದ ದಿನ ಎಣ್ಣೆ ಹಾಕಿ ಒರೆಸಿದ.

ಈಗ ನನ್ನದೊಂದು ಹೇಳುತ್ತೇನೆ, ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾನಿನ್ನೂ ಕೆಲಸಕ್ಕೆ ಸೇರಿರಲಿಲ್ಲ. ಯುಗಾದಿ ರಾತ್ರಿ. ಮಾರನೆ ದಿನದ ಹೊಸತೊಡಕಿಗೆ ಹಂದಿ ಮಾಂಸ ತರುತ್ತೇನೆಂದು ಗೆಳೆಯರ ಮುಂದೆ ಜಂಬ ಕೊಚ್ಚಿ, ಅಣ್ಣ ನಿದ್ದೆ ಹೋದ ಮೇಲೆ ಬಂದೂಕ ಎತ್ತಿಕೊಂಡು ಹೋದೆ. ಲಂಟಾನದ ಪೊದೆಯಲ್ಲಿ ಏನೋ ಸರಕ್ಕೆಂದಿತು. ಈಡು ಹೊಡೆದೆ. ಬಿದ್ದದ್ದು ಪಕ್ಕದ ಹೊಲದವರ ಕರು, ಗೂಟ ಕಿತ್ತುಕೊಂಡು ಬಂದಿತ್ತು. ಚಿರತೆ ಹಿಡಿಯಿತು ಎಂದು ಸುಳ್ಳು ಹಬ್ಬಿಸಿದೆ. ಮೂರನೆಯ ದಿನ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಮುತ್ತುಗದ ಎಲೆಯಲ್ಲಿ ಏಳು ಸೀಸದ ಚರೆ ಇದ್ದವು. ತೊಳೆದು ಇಟ್ಟಿದ್ದರು. ಇಟ್ಟವನು ಒಂದು ಮಾತೂ ಕೇಳಲಿಲ್ಲ, ಪರಿಹಾರ ಕೇಳಲಿಲ್ಲ, ದೂರು ಕೊಡಲಿಲ್ಲ. ಅವನು ಸಾಯುವವರೆಗೂ ಎದುರು ಸಿಕ್ಕಾಗ ನಾನು ಬದು ಬದಲಿಸಿ ನಡೆದೆ. ದೂರು ಕೊಟ್ಟಿದ್ದರೆ ಸಿಕ್ಕಿಬೀಳುತ್ತಿದ್ದವನು ನಾನೊಬ್ಬನೇ ಅಲ್ಲ, ಲೈಸೆನ್ಸುದಾರ ನಿಮ್ಮಪ್ಪನೂ. ಬಂದೂಕ ಬಳಸಲು ತರಬೇತಿ ಆಗಿರಬೇಕು, ಬೀಗ ಹಾಕಿ ಇಡಬೇಕು ಎಂದು ಈಗಿನ ನಿಯಮ ಕೇಳಿದಾಗ ಹುಡುಗರು ನಗುತ್ತೀರಿ. ನನಗೆ ಆ ಏಳು ಚರೆ ಕಾಣುತ್ತವೆ.

ನಿನ್ನ ಮನಸ್ಸಿನಲ್ಲಿರುವುದು ಈ ಹಳೇ ನಳಿಗೆಯೂ ಅಲ್ಲ ಎಂದು ಗೊತ್ತು. ಹಾರೋಹಳ್ಳಿ, ಬಿಡದಿ ಕಡೆ ಸೈಟು ವ್ಯವಹಾರ ಶುರು ಮಾಡಿದ್ದೀಯ. ಸೊಂಟದಲ್ಲಿ ಪಿಸ್ತೂಲು ಇದ್ದವನಿಗೆ ಅಲ್ಲಿ ಕುರ್ಚಿ ಬೇಗ ಸಿಗುತ್ತದೆ ಎಂದು ಯಾರೋ ತಲೆಗೆ ತುಂಬಿದ್ದಾರೆ. ಅಪ್ಪನ ಲೈಸೆನ್ಸು ಹಿಡಿದುಕೊಂಡು ಹೋಗಿ ಅದನ್ನೇ ಪಿಸ್ತೂಲಿಗೆ ಬದಲಿಸಿಕೊಳ್ಳಬಹುದು ಎಂಬ ಲೆಕ್ಕ. ಆಗುವುದಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಕಾರಣ. ನಿನ್ನ ಜೀವಕ್ಕೆ ಯಾರಿಂದ ಅಪಾಯ ಎಂದು ಪೊಲೀಸರ ಮುಂದೆ ಹೇಳಬೇಕು. ಹೇಳುವಂಥ ಹೆಸರು ನಿನ್ನ ಬಳಿ ನಿಜವಾಗಿ ಇದ್ದರೆ, ಮಗಾ, ಪಿಸ್ತೂಲು ಆಮೇಲೆ ನೋಡೋಣ, ಆ ವ್ಯವಹಾರ ಮೊದಲು ಬಿಡು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ರೀಲ್ಸ್ ಹಾಕುವ ನಿನ್ನ ಸ್ನೇಹಿತರಿಗೂ ಹೇಳು, ಜನರ ಜೀವಕ್ಕೆ ಅಪಾಯವಾಗುವಂತೆ ಹಾಗೆ ಹಾರಿಸಿದರೆ ಎರಡು ವರ್ಷ ಜೈಲೋ ಒಂದು ಲಕ್ಷ ದಂಡವೋ ಎರಡೂವೋ ಆಗಬಹುದು.

'ಶೋಲೆ' ತೆಗೆಯುವಾಗ ರಾಮದೇವರಬೆಟ್ಟಕ್ಕೆ ನಾವು ಹುಡುಗರು ಬಸ್ಸು ಹತ್ತಿ ಹೋಗಿದ್ದೆವು. ದೂರದಿಂದ ಢಂ ಎನ್ನುವುದು ಕೇಳುತ್ತಿತ್ತು, ಬಿದ್ದವರು ಎದ್ದು ಚಾ ಕುಡಿಯುತ್ತಿದ್ದರು. ನಿನ್ನ ತಲೆಮಾರಿನವರು ಆ ಬಂಡೆಗಳ ಮುಂದೆ ಫೋಟೋಕ್ಕೆ ನಿಲ್ಲುವುದನ್ನು ನೋಡಿದರೆ, ಎದ್ದು ಚಾ ಕುಡಿದದ್ದನ್ನು ನಾವು ನಿಮಗೆ ಸರಿಯಾಗಿ ಹೇಳಲಿಲ್ಲವೇನೋ ಅನ್ನಿಸುತ್ತದೆ.

ಇನ್ನು ನಿಮ್ಮಕ್ಕ. ವಾರಸು ಅರ್ಜಿಗೆ ಅವಳ ಒಪ್ಪಿಗೆ ಸಹಿಯೂ ಬೇಕು. ಮಾಗಡಿಯಿಂದ ಫೋನು ಮಾಡಿ "ಸಹಿ ಹಾಕಲ್ಲ ಚಿಕ್ಕಪ್ಪ" ಅಂದಳು. ಪಾಲಿನ ಸಿಟ್ಟೇನೋ ಎಂದುಕೊಂಡೆ. ಅಲ್ಲ. ನೀನು ಕುಡಿದ ರಾತ್ರಿ ಅಮ್ಮನ ಜೊತೆ ಏರುದನಿಯಲ್ಲಿ ಮಾತಾಡಿದ್ದನ್ನು ಅವಳು ಕೇಳಿದ್ದಾಳೆ. ಡಿಸಿ ಕಚೇರಿಯ ಗುಮಾಸ್ತನಿಗೆ ಅದು ಗೊತ್ತಾಗುವ ದಾರಿಯಿಲ್ಲ, ಠಾಣೆಯ ವರದಿಯಲ್ಲೂ ಬರುವುದಿಲ್ಲ. ಅವಳ ಸಹಿಯ ಜಾಗ ಇರುವುದು ಅದಕ್ಕೇ ಎಂದು ನನಗನ್ನಿಸುತ್ತದೆ. ಮೊದಲು ಅವಳ ಮನೆಗೆ ಹೋಗಿ ಬಾ. ಅರ್ಜಿ ತೆಗೆದುಕೊಂಡು ಹೋಗಬೇಡ, ಸುಮ್ಮನೆ ಹೋಗು. ಅವಳು ಆಮೇಲೂ ಬೇಡ ಎಂದರೆ ಬಂದೂಕ ಠಾಣೆಯಲ್ಲೇ ಇರಲಿ. ಹಂದಿಗೆ ಸೋಲಾರ್ ಬೇಲಿ ಹಾಕೋಣ, ಅರ್ಧ ದುಡ್ಡು ನಾನು ಕೊಡುತ್ತೇನೆ. ಆನೆಗಂತೂ ಆ ಬಂದೂಕ ಯಾವತ್ತೂ ಉಪಯೋಗಕ್ಕೆ ಬಂದಿಲ್ಲ. ಚರೆ ತಿಂದ ಆನೆ ಕೀವು ಹೊತ್ತುಕೊಂಡು ಇನ್ನೂ ಮುಂಗೋಪಿಯಾಗುತ್ತದೆ, ಮುಂದಿನ ಊರಿನವನ ಮೇಲೆ ತೀರಿಸಿಕೊಳ್ಳುತ್ತದೆ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಠಾಣೆಗೆ ಮೊದಲೇ ತಿಳಿಸಿ, ಲೈಸೆನ್ಸು ಪುಸ್ತಕ, ಮರಣ ಪ್ರಮಾಣಪತ್ರ ಎರಡೂ ಇಟ್ಟುಕೊಂಡು ಒಟ್ಟಿಗೆ ಹೋಗೋಣ. ಅಲ್ಲಿಯವರೆಗೆ ಅಟ್ಟ ಹತ್ತಬೇಡ. ಆ ಬಂದೂಕ ಕಣ್ಣಿಗೆ ಖಾಲಿ ಕಂಡರೂ ಒಳಗೆ ಮದ್ದು ಕೂತಿರಬಹುದು. ಅಣ್ಣ ಗಜದ ಮೇಲೆ ಚಾಕುವಿನಿಂದ ಒಂದು ಗೆರೆ ಕೊರೆದಿದ್ದಾನೆ. ನಳಿಗೆಯೊಳಗೆ ಗಜ ಇಳಿಸಿದಾಗ ಗೆರೆ ಬಾಯಿಗೆ ಸಮ ಬಂದರೆ ಖಾಲಿ, ಮೇಲೇ ನಿಂತರೆ ತುಂಬಿದೆ. ಕೊನೆಯ ರಾತ್ರಿ ಅವನು ಹೊಲದಿಂದ ಬಂದು ಈಡು ತೆಗೆದನೋ ಹಾಗೇ ಬಿಟ್ಟನೋ ಯಾರಿಗೂ ಗೊತ್ತಿಲ್ಲ. ನಾನು ಬಂದು ನೋಡುತ್ತೇನೆ. ನೀನು ಕೆಳಗೆ ಏಣಿ ಹಿಡಿದುಕೋ, ಮಕ್ಕಳನ್ನು ಹೊರಗೆ ಕಳಿಸಿರು.

ನಿನ್ನ ಚಿಕ್ಕಪ್ಪ