ಪಿಯು ಅಂಕ ಕಡಿಮೆಯಾದರೆ ಡಾಕ್ಟರ್ ಆಗಲಾಗದೇ?

ಪಿಯುನಲ್ಲಿ ಶೇ. 60 ಬಂದರೆ 'ಡಾಕ್ಟರ್ ಆಸೆ ಬಿಡು' ಎನ್ನುವವರೇ ಹೆಚ್ಚು. ನಾನು ಕಾಮರ್ಸ್ ವಿದ್ಯಾರ್ಥಿ; ವಿಜ್ಞಾನ ವಿಭಾಗದ ಗೆಳೆಯನಿಗಾಗಿ ಲೆಕ್ಕ ಹಾಕಿ ನೋಡಿದೆ.

ಎಂಬಿಬಿಎಸ್ ಸೀಟಿಗೆ ರ‍್ಯಾಂಕ್ ಕೊಡುವುದು ನೀಟ್ ಅಂಕ. ಪಿಯುನಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಶೇ. 50 ಬಂದರೆ ಅರ್ಹತೆ ಸಾಕು. 2ಬಿಯಂಥ ಮೀಸಲು ವರ್ಗಗಳಿಗೆ ಶೇ. 40.

ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದು. ಮೊದಲು ಅದನ್ನೇ ಗಟ್ಟಿ ಮಾಡಿ. ಸರಿ ಉತ್ತರಕ್ಕೆ 4 ಜಮೆ, ತಪ್ಪಿಗೆ 1 ಖರ್ಚು. 100 ಸರಿ, 60 ತಪ್ಪಾದರೆ 340. ಆ ತಪ್ಪುಗಳಲ್ಲಿ 40 ಪ್ರಶ್ನೆ ಬಿಟ್ಟಿದ್ದರೆ 380!

1ರಿಂದ 10ನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲೋ ಕನ್ನಡ ಮಾಧ್ಯಮದಲ್ಲೋ ಓದಿದವರು ಅದರ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಶಿರಸಿ ಪೇಟೆಯ ಶಾಲೆ ಗ್ರಾಮೀಣ ಮೀಸಲಾತಿಗೆ ಬಾರದು.

ಗೆಳೆಯ ಮತ್ತೆ ಪುಸ್ತಕ ತೆರೆದಿದ್ದಾನೆ.