ದೊಡ್ಡ ಟಿ.ವಿ.ಯ ಆಯ್ಕೆ: ಅಂಗಡಿಯ ಬೆಳಕು, ಮನೆಯ ಕಣ್ಣು

ಮುಂಬಯಿಯಲ್ಲಿ 1972ರ ಅಕ್ಟೋಬರ್ 2ರಂದು ದೂರದರ್ಶನ ಪ್ರಸಾರ ಆರಂಭವಾದ ಕಾಲದಲ್ಲಿ ಟಿ.ವಿ. ಕೊಳ್ಳುವವರಿಗೆ ಪರದೆಯ ಬಗೆಯನ್ನು ಕುರಿತ ಚಿಂತೆಯೇ ಇರಲಿಲ್ಲ. ಇದ್ದುದು ಒಂದೇ ಬಗೆ: ಗಾಜಿನ ಕೊಳವೆಯ ಭಾರವಾದ ಪೆಟ್ಟಿಗೆ, ಅದರಲ್ಲಿ ಕಪ್ಪು-ಬಿಳುಪು ಚಿತ್ರ. ಇಂದು ಅಂಗಡಿಯ ಗೋಡೆಯ ಮೇಲೆ ಇಪ್ಪತ್ತು ಪರದೆಗಳು ಒಟ್ಟಿಗೆ ಥಳಥಳಿಸುತ್ತವೆ. ಎಲ್ಇಡಿ, ಕ್ಯೂಎಲ್ಇಡಿ, ಮಿನಿ ಎಲ್ಇಡಿ, ಓಎಲ್ಇಡಿ ಎಂಬ ಹೆಸರುಗಳನ್ನು ಕೇಳಿ ಗೃಹಸ್ಥನು ತಬ್ಬಿಬ್ಬಾಗುತ್ತಾನೆ. ಕೊನೆಗೆ ಎಲ್ಲಕ್ಕಿಂತ ಹೆಚ್ಚು ಹೊಳೆಯುವುದನ್ನು ಆರಿಸಿ ಮನೆಗೆ ತರುತ್ತಾನೆ. ತಿಂಗಳು ಕಳೆಯುವುದರೊಳಗೆ ಊರಿನಿಂದ ಬಂದಿರುವ ವೃದ್ಧ ತಂದೆ ಕಣ್ಣು ಉರಿಯುತ್ತದೆಂದು ದೂರುತ್ತಾರೆ. ಹಗಲಿನಲ್ಲಿ ಪರದೆಯೊಳಗೆ ಚಿತ್ರಕ್ಕಿಂತ ಬಾಲ್ಕನಿಯೇ ಚೆನ್ನಾಗಿ ಕಾಣುತ್ತದೆ. ತಪ್ಪು ಯಂತ್ರದ್ದಲ್ಲ, ಅದನ್ನು ಅಂಗಡಿಗೆ ಒಪ್ಪುವಂತೆ ಆರಿಸಲಾಯಿತೇ ಹೊರತು ಮನೆಗೆ ಒಪ್ಪುವಂತೆ ಆರಿಸಲಿಲ್ಲ.

ಹೆಸರು ಹಲವು, ಜಾತಿ ಎರಡು

ಮನೆಗಳಿಗೆ ಸಾಮಾನ್ಯವಾಗಿ ಬರುವ ಪರದೆಗಳಲ್ಲಿ ಮೂಲತಃ ಎರಡೇ ಜಾತಿಗಳುಂಟು. ಬೆನ್ನ ಹಿಂದಿನ ದೀಪದಿಂದ ಬೆಳಕನ್ನು ಪಡೆಯುವುದು ಒಂದು. ತಾನೇ ಬೆಳಗುವುದು ಇನ್ನೊಂದು.

ಮೊದಲನೆಯದು ಎಲ್‌ಸಿಡಿ, ಅಂದರೆ ದ್ರವಸ್ಫಟಿಕದ ಪರದೆ. ದ್ರವದಂತೆ ಹರಿದರೂ ಸ್ಫಟಿಕದಂತೆ ಕ್ರಮವಾಗಿ ನಿಲ್ಲುವ ಅಣುಗಳು ಇದರಲ್ಲಿವೆ. ವಿದ್ಯುತ್ತಿನ ಪ್ರಭಾವಕ್ಕೆ ಅವು ತಿರುಗಿದಂತೆ, ಹಿಂದಿನ ದೀಪದ ಬೆಳಕು ಕಿಂಡಿ ತೆರೆದು ಮುಚ್ಚಿದ ಹಾಗೆ ಹಾದುಬರುತ್ತದೆ ಅಥವಾ ತಡೆಯಲ್ಪಡುತ್ತದೆ. ಈ ವಿದ್ಯೆಗೆ ಕನ್ನಡನಾಡಿನ ಕಾಣಿಕೆಯೂ ಉಂಟು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಅವರೂ ಅವರ ಸಹೋದ್ಯೋಗಿಗಳೂ 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಅಂತಹ ಅಣುಗಳಿಂದ ಮಾಡಿದ ತೆಳುಪೊರೆಗಳು, ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದಾಗಲೂ ಚಿತ್ರ ಕೆಡದಂತೆ ಮಾಡಲು ಮುಂದೆ ನೆರವಾದುವು.

ಅಂಗಡಿಯವರು ‘ಎಲ್ಇಡಿ ಟಿ.ವಿ.’ ಎಂದು ಕರೆಯುವುದು ಈ ಎಲ್‌ಸಿಡಿಯನ್ನೇ. ಬೆನ್ನಿನ ದೀಪಗಳು ಮಾತ್ರ ಎಲ್ಇಡಿ. ಆ ಬೆಳಕಿಗೆ ಕ್ವಾಂಟಮ್ ಚುಕ್ಕೆಗಳೆಂಬ ಅತಿಸೂಕ್ಷ್ಮ ಕಣಗಳ ಪದರವನ್ನು ಸೇರಿಸಿ ಬಣ್ಣಗಳನ್ನು ಶುದ್ಧಗೊಳಿಸಿದರೆ ಅದು ಕ್ಯೂಎಲ್ಇಡಿ ಎನಿಸಿಕೊಳ್ಳುತ್ತದೆ. ಬೆನ್ನ ಹಿಂದೆ ಸಾವಿರಾರು ಪುಟ್ಟ ದೀಪಗಳನ್ನಿಟ್ಟು, ಅವುಗಳನ್ನು ಗುಂಪುಗುಂಪಾಗಿ ಏರಿಸಿ ಇಳಿಸುವಂತೆ ಮಾಡಿದರೆ ಅದು ಮಿನಿ ಎಲ್ಇಡಿ. ಪ್ರಖರವಾದ ಬೆಳಕೇ ಈ ಜಾತಿಯ ಬಲ. ಕಿಂಡಿಗಳು ಪೂರ್ತಿ ಮುಚ್ಚದೆ ಕಪ್ಪು ಬಣ್ಣವು ಬೂದುಬಣ್ಣದಂತೆ ಕಾಣುವುದು, ಕತ್ತಲ ದೃಶ್ಯದಲ್ಲಿ ಬಿಳಿಯ ಅಕ್ಷರದ ಸುತ್ತ ಮಸುಕಾದ ಪ್ರಭೆ ಹರಡುವುದು ಇದರ ಕೊರತೆ.

ಎರಡನೆಯದು ಓಎಲ್ಇಡಿ. ಹೆಸರಿನಲ್ಲಿ ಕ್ಯೂಎಲ್ಇಡಿಗೂ ಇದಕ್ಕೂ ಒಂದಕ್ಷರದ ಭೇದವಾದರೂ ಗುಣದಲ್ಲಿ ಬಹಳ ಅಂತರವಿದೆ. ಇಲ್ಲಿ ಬೆನ್ನಿನ ದೀಪವೇ ಇಲ್ಲ. ಪ್ರತಿಯೊಂದು ಬಿಂದುವೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಆದುದರಿಂದ ಕಪ್ಪು ನಿಜವಾಗಿ ಕಪ್ಪಾಗಿರುತ್ತದೆ. ಪಕ್ಕದಿಂದ ನೋಡುವವರಿಗೂ ಬಣ್ಣ ಮಾಸುವುದಿಲ್ಲ. ಆದರೆ ಇಡೀ ಪರದೆ ಬಿಳಿಯಾಗಿರುವಾಗ ಒಳ್ಳೆಯ ಮಿನಿ ಎಲ್ಇಡಿಯಷ್ಟು ಪ್ರಕಾಶ ಇದಕ್ಕೆ ಇರದು. ಅಲ್ಲದೆ ಬೆಳಕು ಕೊಡುವ ಸಾವಯವ ಪದಾರ್ಥವು ಉರಿದಷ್ಟೂ ಸವೆಯುತ್ತದೆ. ಒಂದೇ ಚಿತ್ರ ಒಂದೇ ಸ್ಥಳದಲ್ಲಿ ಬಹುಕಾಲ ನಿಂತರೆ, ಆ ಭಾಗ ಮಾತ್ರ ಬೇಗ ಸವೆದು ಅಳಿಯದ ಕಲೆಯಾಗಿ ಉಳಿಯಬಹುದು.

ಮೊದಲು ಕೋಣೆಯನ್ನು ಅಳೆಯಬೇಕು

ಅಂಗಡಿಗೆ ಹೋಗುವ ಮುನ್ನ ಅಳತೆಪಟ್ಟಿಯನ್ನು ಕೈಗೆ ತೆಗೆದುಕೊಳ್ಳುವುದು ಲೇಸು. ಕುಳಿತುಕೊಳ್ಳುವ ಜಾಗಕ್ಕೂ ಪರದೆಗೂ ನಡುವೆ, ಪರದೆಯ ಕರ್ಣದ ಸುಮಾರು ಒಂದೂವರೆಯಷ್ಟು ದೂರವಿದ್ದರೆ ಸಾಕು. ಈ ಲೆಕ್ಕದಲ್ಲಿ 43 ಅಂಗುಲದ ಪರದೆಗೆ ಐದೂವರೆ ಅಡಿ, 55 ಅಂಗುಲಕ್ಕೆ ಏಳು ಅಡಿ, 65 ಅಂಗುಲಕ್ಕೆ ಎಂಟು ಅಡಿ ಬೇಕಾಗುತ್ತದೆ. ಮಹಾನಗರದ ಹತ್ತಡಿಯ ಹಾಲಿನಲ್ಲಿ ಸೋಫಾ, ಮೇಜು, ಓಡಾಡುವ ದಾರಿ ಇವುಗಳನ್ನು ಕಳೆದರೆ ಉಳಿಯುವ ದೂರವೆಷ್ಟೆಂಬುದನ್ನು ಅಳೆದೇ ತಿಳಿಯಬೇಕು.

‘4ಕೆ’ ಪರದೆಯಲ್ಲಿ ಸುಮಾರು 83 ಲಕ್ಷ ಬಿಂದುಗಳಿರುತ್ತವೆ. 55 ಅಂಗುಲದ ಇಂತಹ ಪರದೆಯ ಬಿಡಿಬಿಡಿ ಬಿಂದುಗಳನ್ನು ಗುರುತಿಸಬೇಕಾದರೆ ಆರೋಗ್ಯವಂತ ಕಣ್ಣೂ ಮೂರೂವರೆ ಅಡಿಯಷ್ಟು ಹತ್ತಿರಕ್ಕೆ ಹೋಗಬೇಕು. ಏಳು ಅಡಿಯ ದೂರದಲ್ಲಿ ಕುಳಿತವರಿಗೆ ಇದಕ್ಕೂ ನಾಲ್ಕು ಪಟ್ಟು ಬಿಂದುಗಳಿರುವ ‘8ಕೆ’ ಪರದೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಆ ಹಣವನ್ನು ಉಳಿಸಬಹುದು.

ಯಾವ ಮನೆಗೆ ಯಾವುದು

ಹಗಲೆಲ್ಲ ಬೆಳಕು ತುಂಬಿರುವ ಹಾಲು. ಮನೆಯಲ್ಲಿ ಹಿರಿಯರು ಬೆಳಗಿನಿಂದ ಸಂಜೆಯವರೆಗೆ ಕನ್ನಡದ ಸುದ್ದಿವಾಹಿನಿಯೊಂದನ್ನೇ ಹಾಕಿಕೊಂಡು ಕುಳಿತಿರುತ್ತಾರೆ. ದೂರದ ಊರಿನಲ್ಲಿ ಅವರಿಗೆ ತಾಯ್ನುಡಿಯ ಸಂಗ ಅದೇ. ಆ ವಾಹಿನಿಯ ಲಾಂಛನವೂ ಕೆಳಗಿನ ಸುದ್ದಿಪಟ್ಟಿಯೂ ದಿನವಿಡೀ ಒಂದೇ ಕಡೆ ನಿಂತಿರುತ್ತವೆ. ಇಂತಹ ಮನೆಗೆ ಓಎಲ್ಇಡಿ ತಕ್ಕುದಲ್ಲ. ಒಳ್ಳೆಯ ಎಲ್‌ಸಿಡಿ, ಹಣವಿದ್ದರೆ ಮಿನಿ ಎಲ್ಇಡಿ, ಸರಿಯಾದ ಆಯ್ಕೆ. ಅಜ್ಜನನ್ನು ಟಿ.ವಿ. ಆರಿಸೆಂದು ಗದರಿಸುವುದಕ್ಕಿಂತ ಅಜ್ಜನಿಗೆ ಒಪ್ಪುವ ಪರದೆಯನ್ನು ತರುವುದು ಮೇಲು.

ಇನ್ನೊಂದು ಮನೆಯಲ್ಲಿ ಗಂಡಹೆಂಡಿರಿಬ್ಬರೂ ದುಡಿಯುವವರು. ರಾತ್ರಿ ದೀಪ ತಗ್ಗಿಸಿ ಒಂದು ಚಲನಚಿತ್ರ ನೋಡುವುದಷ್ಟೇ ಅವರ ವಿನೋದ. ಅಲ್ಲಿ ಓಎಲ್ಇಡಿಯ ನೈಜ ಕಪ್ಪು ಕೊಟ್ಟ ಹಣಕ್ಕೆ ತಕ್ಕ ಸುಖವನ್ನು ಕೊಡುತ್ತದೆ. ಕಿರಿದಾದ ಹಾಲಿನಲ್ಲಿ ಮನೆಮಂದಿ ಪರದೆಯ ಅಕ್ಕಪಕ್ಕದಲ್ಲಿ ಕೂರಬೇಕಾದರೆ ಓಎಲ್ಇಡಿಯನ್ನಾಗಲಿ, ‘ಐಪಿಎಸ್’ ಬಗೆಯ ಎಲ್‌ಸಿಡಿಯನ್ನಾಗಲಿ ನೋಡಬಹುದು. ಎದುರಿಗೇ ಕೂರುವವರಿಗೆ ‘ವಿಎ’ ಬಗೆಯ ಎಲ್‌ಸಿಡಿಯಲ್ಲಿ ಕಪ್ಪು ಇನ್ನೂ ಗಾಢವಾಗಿ ಕಾಣುತ್ತದೆ.

ಕಣ್ಣಿನ ರಕ್ಷಣೆ

ಟಿ.ವಿ. ನೋಡಿದ ಮಾತ್ರಕ್ಕೆ ವಯಸ್ಕರ ದೃಷ್ಟಿ ಹಾಳಾಗುವುದಿಲ್ಲ. ಆದರೆ ಕಣ್ಣು ದಣಿಯುತ್ತದೆ. ದಿಟ್ಟಿಸಿ ನೋಡುವಾಗ ರೆಪ್ಪೆ ಬಡಿಯುವುದು ಕಡಮೆಯಾಗಿ ಕಣ್ಣು ಒಣಗುವುದೇ ಉರಿಗೆ ಮುಖ್ಯ ಕಾರಣಗಳಲ್ಲೊಂದು. ನಡುನಡುವೆ ಎದ್ದು ಕಿಟಕಿಯಾಚೆ ದೂರಕ್ಕೆ ನೋಡುವುದು ಇದಕ್ಕೆ ಸುಲಭವಾದ ಪರಿಹಾರ. ಕಣ್ಣಿನ ಪೊರೆ ಬೆಳೆಯುತ್ತಿರುವ ವೃದ್ಧರಿಗೆ ಕತ್ತಲ ಕೋಣೆಯಲ್ಲಿನ ಪ್ರಖರ ಪರದೆ ಕಣ್ಣು ಕೋರೈಸುತ್ತದೆ. ಪರದೆಯ ಹಿಂದಿನ ಗೋಡೆಯ ಮೇಲೆ ಮಂದವಾದ ದೀಪವೊಂದು ಬೆಳಗುತ್ತಿದ್ದರೆ ಹಿತ. ಪರದೆಯ ನಡುಭಾಗವು ಕುಳಿತವರ ಕಣ್ಣಿನ ಮಟ್ಟಕ್ಕಿರಬೇಕು. ಬಾಗಿಲಿನ ಮೇಲ್ಕಟ್ಟಿನೆತ್ತರದಲ್ಲಿ ತೂಗುಹಾಕಿದರೆ ಕುತ್ತಿಗೆ ನೋವು ತಪ್ಪದು. ಮಲಗುವ ಹೊತ್ತಿನವರೆಗೂ ಹೊಳೆಯುವ ಪರದೆಯ ಮುಂದಿದ್ದರೆ ನಿದ್ರೆ ತಡವಾಗಬಹುದೆಂಬುದನ್ನೂ ನೆನಪಿಡಬೇಕು.

ಅಂಗಡಿಯಲ್ಲಿ ಮೂರು ಪರೀಕ್ಷೆಗಳು

ಒಂದು: ಅಂಗಡಿಯಲ್ಲಿ ಟಿ.ವಿ.ಯನ್ನು ಕಣ್ಣು ಸೆಳೆಯುವ ಅತಿಪ್ರಕಾಶದ ಸ್ಥಿತಿಯಲ್ಲಿಟ್ಟಿರುತ್ತಾರೆ. ಅದನ್ನು ‘ಸಿನಿಮಾ’ ಅಥವಾ ‘ಸ್ಟ್ಯಾಂಡರ್ಡ್’ ಸ್ಥಿತಿಗೆ ತಂದು ತೋರಿಸಲು ಕೇಳಬೇಕು. ಮನುಷ್ಯರ ಮುಖದ ಬಣ್ಣ ಸಹಜವಾಗಿ ಕಂಡರೆ ಪರದೆ ಒಳ್ಳೆಯದು.

ಎರಡು: ಎದುರಿನಿಂದಷ್ಟೇ ಅಲ್ಲದೆ, ಮನೆಯಲ್ಲಿ ಕೂರುವ ಕೋನದಿಂದಲೂ ಅದೇ ದೂರದಿಂದಲೂ ನೋಡಬೇಕು.

ಮೂರು: ಪ್ರಕಾಶವನ್ನು ತಗ್ಗಿಸಿ, ಬಿಳಿಯ ಚಿತ್ರದ ಮುಂದೆ ಪೆನ್ಸಿಲೊಂದನ್ನು ಬೀಸಣಿಗೆಯಂತೆ ವೇಗವಾಗಿ ಆಡಿಸಬೇಕು. ಅದು ಹಲವು ಬಿಡಿ ಪೆನ್ಸಿಲುಗಳಂತೆ ಕಂಡರೆ, ದೀಪವು ಕಣ್ಣಿಗೆ ಕಾಣದ ವೇಗದಲ್ಲಿ ಹತ್ತಿ ಆರುತ್ತಿದೆಯೆಂದು ಅರ್ಥ. ತಲೆನೋವಿನ ಪ್ರಕೃತಿಯವರಿಗೆ ಅಂತಹ ಪರದೆ ಒಗ್ಗದಿರಬಹುದು.

ದೊಡ್ಡ ಟಿ.ವಿ. ಅನೇಕ ತಿಂಗಳ ಉಳಿತಾಯದ ಫಲ. ಅದು ವರ್ಷಗಟ್ಟಲೆ ಮನೆಯಲ್ಲಿರತಕ್ಕದ್ದು. ಕೋಣೆಯ ಬೆಳಕು, ಕುಳಿತುಕೊಳ್ಳುವ ದೂರ, ದಿನದ ಗಂಟೆಗಳು, ನೋಡುವವರ ವಯಸ್ಸು ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದವರು ಥಳಕಿಗೆ ಮರುಳಾಗುವುದಿಲ್ಲ. ಅವರ ಹಣವೂ ಉಳಿಯುತ್ತದೆ, ಮನೆಯ ಹಿರಿಯರ ಕಣ್ಣಿಗೂ ಹಿತವಾಗುತ್ತದೆ.